ಬೇಗಂ ತಾಲಾಬ್‌ನಲ್ಲಿ ಹಕ್ಕಿ ಫೋಟೋ: ಹತ್ತಿರ ಹೋದರೆ ಹಾರಿಹೋಗುತ್ತವೆ, ಏನು ಮಾಡಲಿ?

ಗುಮ್ಮಟನಗರಿ:
ನಮಸ್ಕಾರ ರೀ ಎಲ್ಲರಿಗೂ. ವಿಜಯಪುರದವನು ನಾನು. ಈಚೆಗೆ ಹಕ್ಕಿ ನೋಡುವ ಹುಚ್ಚು ಹತ್ತಿದೆ, ಕ್ಯಾಮೆರಾಗೆ 70-300 ಎಂಎಂ ಜೂಮ್ ಲೆನ್ಸ್ ಹಾಕಿಕೊಂಡು ಬೆಳಿಗ್ಗೆ ಬೇಗಂ ತಾಲಾಬ್ ಕಡೆ, ಒಮ್ಮೊಮ್ಮೆ ಭೂತನಾಳ ಕೆರೆ ಕಡೆ ಹೋಗುತ್ತೇನೆ. ದಂಡೆ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎಲ್ಲಾ ಆಚೆ ದಂಡೆಗೆ ಹಾರುತ್ತವೆ. ಸಿಕ್ಕ ಬೆಳ್ಳಕ್ಕಿಯೂ ಫೋಟೋದಲ್ಲಿ ಬರೀ ಬಿಳಿ, ಗರಿಯ ಗೆರೆ ಒಂದೂ ಕಾಣಲ್ಲ. ಇನ್ನೂ ದೂರದ್ದನ್ನು ಹತ್ತಿರ ತೋರಿಸುವ 150-600 ಲೆನ್ಸ್ ತಗೊಂಡರೆ ಸರಿ ಹೋಗುತ್ತಾ? ದುಡ್ಡು ಜಾಸ್ತಿ, ಅದಕ್ಕೇ ಮೊದಲು ಕೇಳುತ್ತಿದ್ದೇನೆ.

ಡೋಣಿ ದಂಡೆ:
ಲೆನ್ಸ್ ಸದ್ಯ ಬೇಡ ರೀ. ನಡೆಯುವುದು ಬಿಡಿ, ಕೂತುಕೊಳ್ಳಿ. ಮನುಷ್ಯ ನೆಟ್ಟಗೆ ನಿಂತು ನೇರ ತನ್ನ ಕಡೆಗೇ ಬರುವುದನ್ನು ಕಂಡರೆ ಹಕ್ಕಿ ನಿಲ್ಲುವುದಿಲ್ಲ, ಅದೇ ಮನುಷ್ಯ ಜಾಲಿ ಗಿಡದ ಬುಡದಲ್ಲಿ ಅಲುಗಾಡದೆ ಕೂತರೆ ಸ್ವಲ್ಪ ಹೊತ್ತಿಗೆ ಅವುಗಳ ಭಯ ಕಡಿಮೆಯಾಗಿ ಮೇಯುತ್ತಾ ತಾವೇ ಹತ್ತಿರ ಬರುತ್ತವೆ. ಗುಳುಮುಳುಕ, ನಾಮದ ಕೋಳಿ ಇವಂತೂ ಬಂದೇ ಬರುತ್ತವೆ. ಪೂರ್ವದ ದಂಡೆ ಹಿಡಿಯಿರಿ, ಬೆಳಗಿನ ಬಿಸಿಲು ನಿಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ, ಅದಕ್ಕಿಂತ ಮೊದಲೇ ಕೂತಿರಬೇಕು. ಕೆಳಗೆ ಕೂತರೆ ಇನ್ನೊಂದು ಲಾಭ, ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಫೋಟೋದ ಕಳೆಯೇ ಬೇರೆ.

ಬೆಳ್ಳಕ್ಕಿಯ ವಿಷಯ: ಹಿಂದಿನ ನೀರು ಕಪ್ಪಗಿದ್ದಾಗ ಕ್ಯಾಮೆರಾ ಇಡೀ ಚಿತ್ರಕ್ಕೆ ಬೆಳಕು ಜಾಸ್ತಿ ಮಾಡುತ್ತದೆ, ಬಿಳಿ ಗರಿ ಸುಟ್ಟಂತೆ ಆಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಳಿಸಿ ನೋಡಿ, ರಾ ಫೈಲ್‌ನಲ್ಲೇ ತೆಗೆಯಿರಿ, ಅದರಲ್ಲಿ ಆಮೇಲೆ ಬೆಳಕು ತಿದ್ದಲು ಹೆಚ್ಚು ಅವಕಾಶ ಇರುತ್ತದೆ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್, ಸುಮ್ನೆ ಕೂತಿದ್ದಕ್ಕೆ 1/500 ಸಾಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ, ಕಾಳುಕಾಳು ಬಂದ ಫೋಟೋ ಸರಿ ಮಾಡಬಹುದು, ಅಲುಗಾಡಿದ್ದನ್ನು ಮಾಡಲು ಆಗಲ್ಲ.

ಗುಮ್ಮಟನಗರಿ:
ತುಂಬಾ ಧನ್ಯವಾದ ಅಣ್ಣಾ. ಇನ್ನೊಂದು ಮಾತು. ನೀರು ಹಿಂದೆ ಸರಿದ ಬಯಲಲ್ಲಿ ಕಾಲಿಟ್ಟರೆ ಟಿಟ್ಟಿಭ ತಲೆ ಮೇಲೆ ಸುತ್ತಿ ಸುತ್ತಿ ಕೂಗುತ್ತದೆ. ಅಷ್ಟು ಹತ್ತಿರ ಬರುವಾಗ ಅಲ್ಲೇ ನಿಂತು ತೆಗೆಯಬಹುದಲ್ವಾ?

ಕಪ್ಪು ಮಣ್ಣು:
ದಯವಿಟ್ಟು ಬೇಡ ತಮ್ಮಾ! ಮಾರ್ಚ್ ನಂತರ ಹಾಗೆ ಕೂಗಿದರೆ ಹತ್ತಿರದಲ್ಲೇ ಮೊಟ್ಟೆ ಅಥವಾ ಮರಿ ಇದೆ ಎಂದೇ ತಿಳಿ. ಅದು ಗೂಡು ಕಟ್ಟುವುದಿಲ್ಲ, ಬರೀ ನೆಲದ ಮೇಲೆ ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ, ಮಣ್ಣಿನದೇ ಬಣ್ಣ, ಕಾಲ ಕೆಳಗೆ ಬಂದರೂ ಗೊತ್ತಾಗಲ್ಲ. ನೀನು ಅಲ್ಲಿ ನಿಂತಷ್ಟು ಹೊತ್ತು ಅದು ಮೊಟ್ಟೆ ಬಿಟ್ಟಿರುತ್ತದೆ, ನಮ್ಮ ಬೇಸಿಗೆ ಬಿಸಿಲಿಗೆ ಮೊಟ್ಟೆ ಕೆಟ್ಟೇ ಹೋಗಬಹುದು. ಅದು ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ, ಗೊತ್ತಾ? ಬಂದ ದಾರಿಯಲ್ಲೇ ಹೆಜ್ಜೆ ನೋಡಿಕೊಂಡು ವಾಪಸ್ ಬಾ. ಮೆಟ್ಟುಗಾಲು ಹಕ್ಕಿಯೂ ನೀರಿನ ಅಂಚಲ್ಲಿ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಗೂಡಿನ ಫೋಟೋ, ಮೊಬೈಲಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು, ಎರಡೂ ಬೇಡವೇ ಬೇಡ.

ಡೋಣಿ ದಂಡೆ:
ಅಕ್ಕಾ ಹೇಳಿದ್ದು ನೂರಕ್ಕೆ ನೂರು ನಿಜ.

ಗುಮ್ಮಟನಗರಿ:
ಖಂಡಿತ ಅಕ್ಕಾ, ಆ ಬಯಲಿಗೆ ಇಳಿಯಲ್ಲ. ಪಟ್ಟೆತಲೆ ಹೆಬ್ಬಾತು ನೋಡುವ ಆಸೆ ಬಹಳ ಇದೆ, ಎಲ್ಲಿ ಹೋಗಲಿ?

ಕಪ್ಪು ಮಣ್ಣು:
ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗು, 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿದೆ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಹಿಮಾಲಯ ದಾಟಿ ಬಂದ ಹಕ್ಕಿ, ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಬಂದು ಕೂರುತ್ತವೆ. ಗುಂಪು ಇಳಿಯುವಾಗ ದಂಡೆ ಮೇಲೆ ಓಡಾಡಬೇಡ, ಮೊದಲೇ ಹೋಗಿ ಕೂತಿರು. ನಿನ್ನ 70-300 ಅಲ್ಲಿ ಗುಂಪಿನ ಫೋಟೋಗೆ ಸರಿಯಾಗಿ ಹೊಂದುತ್ತದೆ.