ಕ್ಸೆನೋಪಸ್ (ಆಫ್ರಿಕಾದ ಕಪ್ಪೆ) ಅಂಡಕೋಶದ (ಬಲಿಯುತ್ತಿರುವ ಮೊಟ್ಟೆಕೋಶ) ನ್ಯೂಕ್ಲಿಯಸ್ ಹರಡುತ್ತಿಲ್ಲ. ಎಸ್‌ಸಿ35 ಹಚ್ಚಿದರೆ ಬರೀ ಚುಕ್ಕಿ

ಮಂಜಿನೂರು, ಮಡಿಕೇರಿ:
ಅಂಡಕೋಶಗಳು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಥರ್ಮಾಸ್‌ನಲ್ಲಿ ಬಂದಿವೆ. ನ್ಯೂಕ್ಲಿಯಸ್ ಬಿಡಿಸಿ, ಪೊರೆ ಸುಲಿದು, ಸ್ಲೈಡಿನ ಮೇಲೆ ಸೆಂಟ್ರಿಫ್ಯೂಜ್ ಮಾಡಿದರೆ ಮುದ್ದೆಯಾಗಿ ಕೂರುತ್ತೆ. ಎಲ್ಲ ಹಂತವೂ ಪೊಟ್ಯಾಸಿಯಂ-ಸೋಡಿಯಂ ಲವಣದ 5:1 ದ್ರಾವಣದಲ್ಲೇ. ಅಂಚಿನಲ್ಲಿ ಒಂದಿಷ್ಟು ಹರಡಿದೆ. ಅಲ್ಲಿ ಎಸ್‌ಸಿ35 ಆಂಟಿಬಾಡಿಗೆ (ಸ್ಪ್ಲೈಸಿಂಗ್, ಅಂದರೆ ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಕೆಲಸದ ಪ್ರೋಟೀನನ್ನು ಗುರುತಿಸುವಂಥದ್ದು) ಲೆಕ್ಕವಿಲ್ಲದಷ್ಟು ಸಣ್ಣ ಚುಕ್ಕಿ. ದೊಡ್ಡ ಗುಂಡುಗಳಲ್ಲಿ ಕೆಲವಕ್ಕೆ ಮೈಮೇಲೆ ಮಾತ್ರ ಅಂಟಿದೆ, ಮಿಕ್ಕವು ಪೂರ್ತಿ ಕಪ್ಪು. ಆಂಟಿಬಾಡಿ ಹಾಳಾಗಿದೆಯಾ?

ತಲಕಾವೇರಿ_7:
ಆಂಟಿಬಾಡಿ ಚೆನ್ನಾಗೇ ಇದೆ ಸರ್, ತಪ್ಪು ದ್ರಾವಣದ್ದು.

ಈ ನ್ಯೂಕ್ಲಿಯಸ್ಸಿನಲ್ಲಿ ಆಕ್ಟಿನ್ ವಿಪರೀತ. ಒಳಗಿನದನ್ನು ಜೆಲ್ಲಿಯಂತೆ ಹಿಡಿದಿಡುವುದು ಅದೇ. 5:1 (ಪೊಟ್ಯಾಸಿಯಂ ಕ್ಲೋರೈಡ್ 83, ಸೋಡಿಯಂ ಕ್ಲೋರೈಡ್ 17, ಮೆಗ್ನೀಸಿಯಂ 1 ಮಿಲಿಮೋಲಾರ್, ಜೊತೆಗೆ ಫಾಸ್ಫೇಟ್) ನ್ಯೂಕ್ಲಿಯಸ್ ಹೊರತೆಗೆಯಲು ಸರಿ, ಹರಡಲು ಅಲ್ಲ. ಅದರಲ್ಲಿ ಜೆಲ್ಲಿ ಬಿಗಿಯಾಗೇ ಉಳಿಯುತ್ತೆ. ಹರಡುವ ದ್ರಾವಣದಲ್ಲಿ ಲವಣ ಕಾಲು ಭಾಗ, ಮೆಗ್ನೀಸಿಯಂ ಬರೀ 10 ಮೈಕ್ರೋಮೋಲಾರ್, ಪ್ಯಾರಾಫಾರ್ಮಾಲ್ಡಿಹೈಡ್ 0.1%. 5:1ಕ್ಕೇ ನೀರು ಬೆರೆಸಿ ಮಾಡಿದರೆ ಮೆಗ್ನೀಸಿಯಂ 250 ಮೈಕ್ರೋಮೋಲಾರ್ ಉಳಿದುಬಿಡುತ್ತೆ, ಬಹಳ ಜನ ಎಡವುವುದು ಇಲ್ಲೇ. ಹೊಸದಾಗಿ ತೂಗಿ ಮಾಡಿ.

ನ್ಯೂಕ್ಲಿಯಸ್ಸನ್ನು ಇದರೊಳಗೆ ಹಾಕಿದ ಕೂಡಲೇ ಎರಡು ಚೂಪು ಫೋರ್ಸೆಪ್ಸ್‌ನಿಂದ ಪೊರೆ ಸುಲಿಯಿರಿ, ಜೆಲ್ಲಿ ಕರಗುವ ಮೊದಲೇ ಸ್ಲೈಡಿನ ಚೇಂಬರಿಗೆ ಸೇರಿಸಿ. ಕೆಲವು ನಿಮಿಷ ಬಿಟ್ಟು, ವೇಗ ಮೆಲ್ಲಗೆ ಏರಿಸಿ ತಿರುಗಿಸಿ. ಆಮೇಲೆ 2% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಒಂದು ಗಂಟೆ. ಸ್ಲೈಡ್ ಯಾವ ಹಂತದಲ್ಲೂ ಒಣಗಬಾರದು. ಕಕ್ಕಡದ ಮಳೆಗೆ ಕರೆಂಟ್ ಯಾವಾಗ ಹೋಗುತ್ತೋ, ಯುಪಿಎಸ್ ಇಲ್ಲದೆ ಸೆಂಟ್ರಿಫ್ಯೂಜ್ ಶುರು ಮಾಡಬೇಡಿ.

ಇನ್ನು ಚುಕ್ಕಿ. 1ರಿಂದ 4 ಮೈಕ್ರೋಮೀಟರಿನ ಆ ಸಾವಿರಾರು ಚುಕ್ಕಿಗಳೇ ಬಿ-ಸ್ನರ್ಪೊಸೋಮ್, ಮಾಮೂಲಿ ಕೋಶದ ಸ್ಪೆಕಲ್‌ಗೆ (ನ್ಯೂಕ್ಲಿಯಸ್ಸಿನಲ್ಲಿ ಸ್ಪ್ಲೈಸಿಂಗ್ ಸಾಮಗ್ರಿ ಕೂಡಿರುವ ಚುಕ್ಕಿ) ಸಮ. ಸ್ಪ್ಲೈಸಿಂಗ್‌ನ ಸಣ್ಣ ಆರ್‌ಎನ್‌ಎಗಳಾದ ಯು1, ಯು2, ಯು4, ಯು5, ಯು6 ಎಲ್ಲ ಅದರಲ್ಲಿವೆ. ಆದರೆ ಅದು ಉಗ್ರಾಣ. ಸ್ಪ್ಲೈಸಿಂಗ್ ನಡೆಯುವುದು ಲ್ಯಾಂಪ್‌ಬ್ರಷ್ ಕ್ರೋಮೋಸೋಮಿನ (ಅಂಡಕೋಶದಲ್ಲಿ ಕಾಣುವ, ಕುಣಿಕೆ ಚಾಚಿದ ದೊಡ್ಡ ಕ್ರೋಮೋಸೋಮ್) ಕುಣಿಕೆಗಳಲ್ಲಿ, ಆರ್‌ಎನ್‌ಎ ತಯಾರಾಗುತ್ತಿರುವಾಗಲೇ. ಹರಡಿದ್ದು ಸರಿಯಿದ್ದರೆ ಕುಣಿಕೆಗಳೂ ಹೊಳೆಯಬೇಕು, ನೋಡಿ. ಮೈಮೇಲೆ ಚುಕ್ಕಿ ಹೊತ್ತ ಗುಂಡುಗಳು ಕಾಹಲ್ ಬಾಡಿ, ನ್ಯೂಕ್ಲಿಯಸ್ಸಿನ ಇನ್ನೊಂದು ಬಗೆಯ ಕಾಯ. ಅದಕ್ಕೆ ಬಿ-ಸ್ನರ್ಪೊಸೋಮ್ ಅಂಟಿಕೊಳ್ಳುವುದು ಸಹಜ.

ಗೋಣಿಕೊಪ್ಪ_ಸ್ಲೈಡ್:
ಪೂರ್ತಿ ಕಪ್ಪು ಕಂಡವು ಬಹುಶಃ ನ್ಯೂಕ್ಲಿಯೋಲಸ್ (ರೈಬೋಸೋಮ್ ತಯಾರಾಗುವ ಜಾಗ). ಕ್ಸೆನೋಪಸ್‌ನಲ್ಲಿ ಒಂದೊಂದು ನ್ಯೂಕ್ಲಿಯಸ್ಸಿಗೆ ಸಾವಿರಕ್ಕೂ ಹೆಚ್ಚು. ಕಾಹಲ್ ಬಾಡಿ 50ರಿಂದ 100 ಅಷ್ಟೆ. ಫೈಬ್ರಿಲ್ಲಾರಿನ್ ಪ್ರೋಟೀನಿನ ಆಂಟಿಬಾಡಿ ಹಚ್ಚಿ ಬೇರೆ ಮಾಡಲು ಹೋಗಬೇಡಿ, ಅದು ಎರಡಕ್ಕೂ ಹತ್ತುತ್ತೆ. ಕಾಯಿಲಿನ್ (ಕಾಹಲ್ ಬಾಡಿಯ ಗುರುತಿನ ಪ್ರೋಟೀನ್) ಆಂಟಿಬಾಡಿ ಹಚ್ಚಿ.

ಮಂಜಿನೂರು, ಮಡಿಕೇರಿ:
ನೀರು ಬೆರೆಸಿದ್ದೂ ಇಲ್ಲ, ನೇರ 5:1ರಲ್ಲೇ ತಿರುಗಿಸಿದ್ದೆ. ಆರನೇ ಹಂತದ (ಪೂರ್ತಿ ಬೆಳೆದ) ಅಂಡಕೋಶ ಆಗುತ್ತಾ?

ತಲಕಾವೇರಿ_7:
ಆ ಹಂತದಲ್ಲಿ ಕ್ರೋಮೋಸೋಮ್ ಕುಗ್ಗಿ ಕುಣಿಕೆ ಗಿಡ್ಡವಾಗಿರುತ್ತೆ. 1 ಮಿಲಿಮೀಟರ್ ಆಸುಪಾಸಿನವನ್ನು ಆರಿಸಿ.