ಪದಚರ್ಚೆ: ‘ಶಾತೊ’ ಎಂದರೆ ಕೋಟೆಯೋ, ಅರಮನೆಯೋ, ವಾಡೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ನೈರುತ್ಯದ ದೊರ್ದೋನ್ ಜಿಲ್ಲೆಯಲ್ಲಿ, ವೆಜೇರ್ ಹೊಳೆಯ ದಂಡೆಗೆ, ಸ್ಯಾಂ-ಲೆಯೊಂ ಎಂಬ ಪುಟ್ಟ ಊರಿದೆ. ಆ ಊರನ್ನೂ ಸುತ್ತಲಿನ ಚರ್ಚು, ಕೋಟೆಗಳನ್ನೂ ನೋಡಲು ಹೋಗುವ ಕನ್ನಡಿಗರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಕೆಲವು ಪದಗಳು ಸರಿಯಾಗಿ ಕೂತಿಲ್ಲ. ಫ್ರೆಂಚಿನ ‘ಶಾತೊ’ ಬಂದಲ್ಲೆಲ್ಲ ‘ಕೋಟೆ’ ಎಂದಿದೆ. ಆದರೆ ಚಿತ್ರ ನೋಡಿದರೆ ಕೆಲವು ದೊಡ್ಡ ಮನೆಯಂತಿವೆ. ‘ಎಗ್ಲೀಜ್ ರೊಮಾನ್’ ಎನ್ನುವುದು ‘ರೋಮನ್ ಚರ್ಚು’ ಆಗಿದೆ. ‘ದೊಂಜೊಂ’ಗೆ ‘ನೆಲಮಾಳಿಗೆಯ ಸೆರೆಮನೆ’, ಫಲಕದ ‘ವಿಜೀತ್ ಲೀಬ್ರ್’ಗೆ ‘ಉಚಿತ ಭೇಟಿ’, ನಕ್ಷೆಯ ‘ಶಾತೊ ದೋ’ಗೆ ‘ನೀರುಕೋಟೆ’ ಎಂದು ಬರೆದಿದ್ದಾರೆ. ಇವುಗಳಲ್ಲಿ ಯಾವುದು ಉಳಿಯಬಹುದು, ಯಾವುದನ್ನು ತಿದ್ದಬೇಕು? ಬಲ್ಲವರು ದಯವಿಟ್ಟು ತಿಳಿಸಿ.

* * *

ಮಾನ್ಯರೇ,

ಐದನ್ನೂ ತಿದ್ದಬೇಕು. ಹೆಚ್ಚು ತೊಡಕಿನದು ಶಾತೊ, ಅದನ್ನೇ ಮೊದಲು ತೆಗೆದುಕೊಳ್ಳೋಣ.

ಈ ಪದದ ಬೇರು ಲ್ಯಾಟಿನ್ನಿನ ‘ಕಾಸ್ತೆಲ್ಲುಂ’, ಎಂದರೆ ಚಿಕ್ಕ ಕೋಟೆ. ಇಂಗ್ಲಿಷಿನ ‘ಕ್ಯಾಸಲ್’ ಕೂಡ ಅಲ್ಲಿಂದಲೇ ಬಂದದ್ದು. ಇಂಗ್ಲಿಷಿನಲ್ಲಿ ಪದ ಬಹುಮಟ್ಟಿಗೆ ಕೋಟೆಯಲ್ಲೇ ಉಳಿಯಿತು. ಫ್ರೆಂಚಿನಲ್ಲಿ ಕೋಟೆ ಬಿಟ್ಟು ಹೊರಟ ಒಡೆಯರ ಬೆನ್ನಿಗೆ ಅವರ ಹೊಸ ಮನೆಗೂ ಹೋಯಿತು. ಇದಕ್ಕೆ ನಿಮ್ಮ ಕೈಪಿಡಿಯ ಸುತ್ತಳತೆಯಲ್ಲೇ ಒಳ್ಳೆಯ ಸಾಕ್ಷಿ ಇದೆ. ದೊರ್ದೋನ್ ನದಿಯ ಮೇಲೆ, ಬಂಡೆಯ ನೆತ್ತಿಗೆ, ಕ್ಯಾಸ್ಟೆಲ್ನೊ ನಿಂತಿದೆ. ಎದುರು ದಂಡೆಯ ಬಂಡೆಯ ಮೇಲೆ ಬೆನಾಕ್. 1337ರಿಂದ 1453ರವರೆಗಿನ ನೂರು ವರ್ಷಗಳ ಯುದ್ಧದಲ್ಲಿ ಕ್ಯಾಸ್ಟೆಲ್ನೊ ಬಹುಕಾಲ ಇಂಗ್ಲಿಷರ ಕಡೆ, ಬೆನಾಕ್ ಫ್ರೆಂಚರ ಕಡೆ. ಎರಡೂ ಸಂಶಯವಿಲ್ಲದೆ ಕೋಟೆಗಳು. ಯುದ್ಧ ಮುಗಿದ ಮೇಲೆ, 1489ರಲ್ಲಿ, ಕ್ಯಾಸ್ಟೆಲ್ನೊದ ಒಡೆಯ ಫ್ರಾನ್ಸ್ವಾ ದ ಕೊಮೊಂ ತನ್ನ ಹೆಂಡತಿ ಕ್ಲೋದ್ ದ ಕಾರ್ದಯಾಕ್‌ಗಾಗಿ ಸಮೀಪದಲ್ಲೇ ಮಿಲಾಂದ್ ಕಟ್ಟಿಸಿದ. ಅದು ಇರಲೆಂದು ಕಟ್ಟಿದ ಮನೆ, ಕಾದಾಡಲೆಂದು ಕಟ್ಟಿದ್ದಲ್ಲ. (ಕಲಾವಿದೆ ಜೋಸೆಫಿನ್ ಬೇಕರ್ 1947ರಲ್ಲಿ ಕೊಂಡದ್ದು ಇದನ್ನೇ.) ಮನೆತನ ಒಂದೇ, ಕಟ್ಟಡ ಎರಡು ಬಗೆ, ಫ್ರೆಂಚರಿಗೆ ಎರಡೂ ಶಾತೊ. ಕ್ಯಾಸ್ಟೆಲ್ನೊ ಥರದ್ದನ್ನೇ ಬೇರೆ ಮಾಡಿ ಹೇಳಬೇಕಾದರೆ ಅವರು ‘ಶಾತೊ ಫೋರ್’ ಎನ್ನುತ್ತಾರೆ.

ಹಾಗಾಗಿ ಕನ್ನಡದಲ್ಲಿ ಒಂದೇ ಪದಕ್ಕೆ ಕಟ್ಟುಬೀಳಬೇಡಿ. ಕಟ್ಟಡವನ್ನು ನೋಡಿ, ಅದರಲ್ಲೂ ಕಿಟಕಿಗಳನ್ನು ನೋಡಿ. ಕೆಳಮಟ್ಟದ ಗೋಡೆಯಲ್ಲಿ ಬೆರಳಗಲದ ಸೀಳುಗಿಂಡಿಗಳಷ್ಟೇ ಇದ್ದು, ಸುತ್ತ ಕಂದಕವೋ ಕಡಿದಾದ ಬಂಡೆಯೋ ಇದ್ದರೆ ‘ಕೋಟೆ’. ಕಲ್ಲಿನ ಅಡ್ಡಪಟ್ಟಿ, ನಿಲುಪಟ್ಟಿಗಳು ಶಿಲುಬೆಯ ಹಾಗೆ ಕೂಡಿದ ಅಗಲ ಕಿಟಕಿಗಳಿದ್ದರೆ ಅದು ವಾಸದ ಮನೆ. ಇಂಥದ್ದಕ್ಕೆ ಉತ್ತರ ಕರ್ನಾಟಕದ ‘ವಾಡೆ’ ಚೆನ್ನಾಗಿ ಹೊಂದುತ್ತದೆ: ದೇಸಾಯಿಯ ವಾಡೆಯ ಹಾಗೆ ಇದೂ ಊರೊಡೆಯನ ಮನೆ, ಗೋಡೆ ಬಾಗಿಲುಗಳಲ್ಲಿ ಕೋಟೆಯ ಗತ್ತು ಉಳಿಸಿಕೊಂಡದ್ದು. ‘ಅರಮನೆ’ ಬೇಡ, ಅರಸನ ಮನೆಗಷ್ಟೇ ಅರಮನೆ ಎನ್ನಬೇಕು, ಲ್ವಾರ್ ಕಣಿವೆಯ ಶಾಂಬೋರ್‌ನಂಥದ್ದಕ್ಕೆ ಮೀಸಲಿಡಿ. ನಿಮ್ಮ ಊರಿನ ಕ್ಲೆರಾಂ ವಾಡೆಯ ಸಾಲಿಗೆ ಸೇರುತ್ತದೆ. ಅಲ್ಲಿಯದೇ ‘ಮನ್ವಾರ್ ದ ಲಾ ಸಾಲ್’ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಅದಕ್ಕೆ ‘ಗೌಡಿಕೆ ಮನೆ’ ಎನ್ನಬಹುದೇನೋ. ಏನೇ ಆದರೂ ಹೆಸರಿನಲ್ಲಿ ‘ಶಾತೊ’ ಉಳಿಸಿಯೇ ಪಕ್ಕದಲ್ಲಿ ಕನ್ನಡ ಪದ ಕೊಡಿ. ದಾರಿಯ ಫಲಕದಲ್ಲಿ ಓದುಗರಿಗೆ ಸಿಗುವುದು ‘ಶಾತೊ’ ಮಾತ್ರ. ಬಹುವಚನದಲ್ಲಿ ಕೊನೆಗೆ ‘ಎಕ್ಸ್’ ಬರೆದರೂ ಉಚ್ಚಾರ ಬದಲಾಗುವುದಿಲ್ಲ. ‘ಶಾತೊಗಳು’ ಎಂದರೆ ಸಾಕು.

ಈಗ ಹೆಸರಿನ ಬಲೆಗಳು. ಕ್ಯಾಸ್ಟೆಲ್ನೊ ಎಂದರೆ ಅಲ್ಲಿನ ಒಕ್ಸಿತಾನ್ ಭಾಷೆಯಲ್ಲಿ ‘ಹೊಸ ಕೋಟೆ’. ನಮ್ಮ ಹೊಸಕೋಟೆಯೇ! ಹಾಗೆಂದು ಅನುವಾದಿಸಬೇಡಿ, ಆದರೆ ಒಂದು ಸಾಲಿನಲ್ಲಿ ತಿಳಿಸಿದರೆ ಓದುಗರಿಗೆ ಹೆಸರು ನೆನಪಿನಲ್ಲಿ ನಿಲ್ಲುತ್ತದೆ. ‘ಕಂಪಾನ್ಯ್’ ಎಂದರೆ ಹಳ್ಳಿಗಾಡು. ಆದರೆ ಲೆಸೇಜಿಯಿಂದ ವೆಜೇರ್ ಗುಂಟ ಲ ಬ್ಯೂಗ್ ಕಡೆಗೆ ಹೋಗುವಾಗ ಸಿಗುವ ಊರಿನ ಹೆಸರೇ ಕಂಪಾನ್ಯ್. ಅಲ್ಲಿನ ‘ಶಾತೊ ದ ಕಂಪಾನ್ಯ್’ ಅನ್ನು ‘ಹಳ್ಳಿಗಾಡಿನ ವಾಡೆ’ ಎಂದು ಅನುವಾದಿಸಿದರೆ ನಕ್ಷೆಯಲ್ಲಿ ಅದು ಸಿಗುವುದೇ ಇಲ್ಲ. ಬೋರ್ದೊ ಕಡೆಯ ವೈನ್ ಬಾಟಲಿಯ ‘ಶಾತೊ’ ದ್ರಾಕ್ಷಿ ತೋಟದ ಹೆಸರು, ಅಲ್ಲಿ ಕೋಟೆ ಇರಲೇಬೇಕೆಂದಿಲ್ಲ. ಇನ್ನು ‘ಶಾತೊ ದೋ’: ‘ಓ’ ಎಂದರೆ ನೀರು, ಸರಿ. ಆದರೆ ಇದು ನಮ್ಮ ಊರುಗಳಲ್ಲೂ ಇರುವ ಓವರ್‌ಹೆಡ್ ಟ್ಯಾಂಕು. ನಕ್ಷೆ ಹಿಡಿದು ಗುಡ್ಡ ಹತ್ತಿದವರಿಗೆ ಕಾಂಕ್ರೀಟಿನ ನೀರಿನ ಟ್ಯಾಂಕು ಎದುರಾಗದಿರಲು ಇದನ್ನು ತಪ್ಪದೆ ತಿದ್ದಿ.

‘ಎಗ್ಲೀಜ್ ರೊಮಾನ್’ ಬಗ್ಗೆ. ಫ್ರೆಂಚಿನಲ್ಲಿ ಎರಡು ಪದಗಳಿವೆ. ‘ರೊಮಾನ್’ ಎಂದರೆ 11–12ನೇ ಶತಮಾನಗಳ ಕಟ್ಟಡ ಶೈಲಿ. ನಡುವೆ ‘ಐ’ ಅಕ್ಷರ ಸೇರಿದ ‘ರೊಮೆನ್’ ಎಂದರೆ ರೋಮ್ ಸಾಮ್ರಾಜ್ಯದ್ದು. ಒಂದೇ ಅಕ್ಷರದ ಅಂತರ, ಆದರೆ ಕಾಲದಲ್ಲಿ ಸಾವಿರ ವರ್ಷದಷ್ಟು ದೂರ. ಶೈಲಿಗೆ ಈ ಹೆಸರು ಬಂದದ್ದು ತಡವಾಗಿ. 1818ರಲ್ಲಿ ನಾರ್ಮಂಡಿಯ ವಿದ್ವಾಂಸ ಶಾರ್ಲ್ ದ ಜೆರ್ವಿಲ್ ಒಂದು ಪತ್ರದಲ್ಲಿ ಬಳಸಿದ್ದು. ಸ್ಯಾಂ-ಲೆಯೊಂನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅಲ್ಲಿನ ರೊಮಾನ್ ಚರ್ಚನ್ನು ಕಟ್ಟಿರುವುದೇ ರೋಮನ್ನರ ಕಾಲದ ‘ವಿಲ್ಲಾ’ದ ಅವಶೇಷಗಳ ಮೇಲೆ. ಎರಡೂ ಪದ ಒಂದೇ ಫಲಕದಲ್ಲಿ ಬಂದರೆ ಕನ್ನಡದಲ್ಲಿ ಬೇರೆ ಬೇರೆ ಕಾಣಲೇಬೇಕು. ಮೊದಲನೆಯದಕ್ಕೆ ‘ರೋಮನೆಸ್ಕ್’ ಎಂದು ಬರೆದು, ‘ಅರ್ಧವೃತ್ತದ ಕಮಾನು, ದಪ್ಪ ಗೋಡೆ, ಸಣ್ಣ ಕಿಟಕಿ’ ಎಂದು ಒಮ್ಮೆ ವಿವರಿಸಿ. ಕಮಾನಿನ ತುದಿ ಚೂಪಾಗಿದ್ದರೆ ಸಾಮಾನ್ಯವಾಗಿ ಅದು ಆಮೇಲಿನ ಗೋಥಿಕ್. ಮತ್ತೆ, ಆ ‘ವಿಲ್ಲಾ’ ಇಂದಿನ ಬಂಗಲೆಯಲ್ಲ. ಹೊಲ, ಕಣಜ, ಆಳುಕಾಳುಗಳ ಸಮೇತ ಇದ್ದ ಜಮೀನ್ದಾರಿ ಬಿಡಾರ.

ಚರ್ಚಿನ ಮಾಡಿಗೆ ‘ಹೆಂಚು’ ಎಂದು ಬರೆದಿದ್ದರೆ ಅದನ್ನೂ ತೆಗೆಯಿರಿ. ಅಲ್ಲಿನದು ‘ಲೋಜ್’, ಸುಣ್ಣಕಲ್ಲಿನ ಚಪ್ಪಡಿ. ಒಂದರ ಮೇಲೊಂದು ಮಲಗಿಸಿ, ಸಾಲು ಸಾಲಾಗಿ ಒಳಕ್ಕೆ ಸರಿಸುತ್ತ ಪೇರಿಸಿದ್ದು. ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ. ಗೋಡೆ ಅಷ್ಟು ದಪ್ಪ, ಮರದ ಕಟ್ಟು ಅಷ್ಟು ದಟ್ಟ ಏಕೆಂದು ನೋಡುವವರಿಗೆ ಆಗ ತಿಳಿಯುತ್ತದೆ. ‘ಕಲ್ಲುಚಪ್ಪಡಿಯ ಮಾಡು’ ಎನ್ನಿ.

‘ದೊಂಜೊಂ’ ಸೆರೆಮನೆಯಲ್ಲ. ಲ್ಯಾಟಿನ್ನಿನ ‘ದೊಮಿನುಸ್’, ಎಂದರೆ ಒಡೆಯ, ಅದರಿಂದ ಬಂದ ಪದ. ಕೋಟೆಯ ಅತಿ ಎತ್ತರದ, ಒಡೆಯ ಕೊನೆಯವರೆಗೂ ಕಾದುಕೊಳ್ಳುವ ಗೋಪುರ. ಇಂಗ್ಲಿಷಿಗೆ ಹೋಗಿ ‘ಡಂಜನ್’ ಆದ ಮೇಲೆ ಪದ ನೆಲದಡಿಗೆ ಇಳಿಯಿತು; ಇಂಗ್ಲಿಷ್ ಮೂಲಕ ಅನುವಾದಿಸಿದವರು ಅಲ್ಲೇ ಎಡವುತ್ತಾರೆ. ‘ಬುರುಜು’ ಎಂದಷ್ಟೇ ಬರೆದರೆ ಕೋಟೆಗೋಡೆಗೆ ಅಂಟಿದ್ದು ಎನಿಸುತ್ತದೆ. ಊರ ನಡುವೆ ಒಂಟಿಯಾಗಿ ನಿಲ್ಲುವ ಕಲಬುರಗಿ ಕಡೆಯ ‘ಹುಡೆ’ ನೋಟಕ್ಕೆ ಹತ್ತಿರ, ಆದರೆ ಅದು ಯಾರ ವಾಸವೂ ಅಲ್ಲ. ‘ಒಡೆಯನ ಬುರುಜು’ ಎಂದರೆ ಮೂಲದ ಅರ್ಥವೂ ಉಳಿಯುತ್ತದೆ.

‘ವಿಜೀತ್ ಲೀಬ್ರ್’ ತಪ್ಪಾದರೆ ಜೇಬಿಗೇ ಹೊಡೆತ. ‘ಲೀಬ್ರ್’ ಇಲ್ಲಿ ‘ನಿಮ್ಮಷ್ಟಕ್ಕೆ ನೀವೇ’, ಎಂದರೆ ಮಾರ್ಗದರ್ಶಿ ಇಲ್ಲದೆ ಸುತ್ತುವುದು. ಟಿಕೆಟ್ ಇರಬಹುದು. ದುಡ್ಡಿಲ್ಲ ಎನ್ನಲು ‘ಗ್ರಾತ್ವಿ’ ಎಂದಿರಬೇಕು. ‘ದೆರ್ನಿಯೆರ್ ಆಂತ್ರೆ’ ಬಾಗಿಲು ಮುಚ್ಚುವ ಸಮಯವಲ್ಲ, ಕೊನೆಯ ಪ್ರವೇಶದ ಸಮಯ. ದೊಡ್ಡ ಕೋಟೆಗಳಲ್ಲಿ ಮುಚ್ಚುವುದಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲೇ ಬರುತ್ತದೆ.

ಹಳ್ಳಿಯ ಚರ್ಚಿಗೆ ಬೀಗವಿದ್ದರೆ ಬಾಗಿಲ ಮೇಲಿನ ಚೀಟಿಯಲ್ಲಿ ‘ಕ್ಲೆ ಆ ಲಾ ಮೆರಿ’ ಎಂದಿರಬಹುದು. ಕೀಲಿಕೈ ಪಂಚಾಯಿತಿ ಕಚೇರಿಯಲ್ಲಿದೆ ಎಂದು ಅರ್ಥ. ಚರ್ಚಿನ ಕೀಲಿ ಪಂಚಾಯಿತಿಯಲ್ಲೇಕೆ ಎಂದು ನಮ್ಮವರಿಗೆ ಅಚ್ಚರಿಯಾಗುತ್ತದೆ. 1905ರ ಕಾನೂನು ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿದ ಮೇಲೆ, ಆಗಲೇ ಇದ್ದ ಊರಚರ್ಚುಗಳು ಊರಾಡಳಿತದ ಸ್ವತ್ತಾಗಿಯೇ ಉಳಿದವು. ಸಣ್ಣ ಊರುಗಳ ಮೆರಿ ವಾರದಲ್ಲಿ ಕೆಲವೇ ಹೊತ್ತು ತೆರೆದಿರುತ್ತದೆ, ಮಧ್ಯಾಹ್ನ 12ರಿಂದ 2ರವರೆಗೆ ಸಾಮಾನ್ಯವಾಗಿ ಇಲ್ಲ. ಕೈಪಿಡಿಯಲ್ಲಿ ಇದು ಇರಲಿ.

* * *

ಮೇಲಿನ ಪತ್ರ ಬರೆದವರಿಗೆ ವಂದನೆಗಳು. ‘ಎಗ್ಲೀಜ್’ ಬಗ್ಗೆ ಕರಾವಳಿಯ ಕಡೆಯಿಂದ ಒಂದು ಮಾತು. ನಮ್ಮ ಮಂಗಳೂರು, ಉಡುಪಿ ಕಡೆಯ ‘ಇಗರ್ಜಿ’ ಪೋರ್ಚುಗೀಸರಿಂದ ಬಂದದ್ದು. ಇಗರ್ಜಿ, ಎಗ್ಲೀಜ್ ಎರಡೂ ‘ಎಕ್ಲೇಸಿಯ’ ಎಂಬ ಒಂದೇ ಮೂಲದ ಪದಗಳು. ಹೀಗಿರುವಾಗ ಕೈಪಿಡಿಯಲ್ಲಿ ಇಗರ್ಜಿ ಬಳಸಲು ಹಿಂಜರಿಯಬೇಕಿಲ್ಲ. ‘ಅಬ್ಬೆಯಿ’ ಇಡೀ ಸನ್ಯಾಸಿಮಠ, ‘ಅಬ್ಬಾಸ್ಯಾಲ್’ ಮಠದ ಚರ್ಚು ಮಾತ್ರ. ಸ್ಯಾಂ-ಅಮಾಂ-ದ-ಕೊಲಿಯಲ್ಲಿ ನೋಡಲು ಹೋಗುವುದು ಎರಡನೆಯದನ್ನೇ. ಆ ಊರು 2019ರಿಂದ ಕೊಲಿ-ಸ್ಯಾಂತಮಾಂ ಎಂಬ ಹೊಸ ಆಡಳಿತದೊಳಗಿದೆ, ಹಳೆಯ ನಕ್ಷೆಯವರು ಗಮನಿಸಬೇಕು.

ಫಲಕಗಳಲ್ಲಿ ‘ಅಬ್ಬೆ’ ಎಂದು ವ್ಯಕ್ತಿಯ ಹೆಸರಿನ ಮುಂದೆ ಬಂದರೆ ‘ಮಠಾಧಿಪತಿ’ ಎನ್ನಬೇಡಿ. ಮಠಕ್ಕೆ ಸೇರದ ಸಾಮಾನ್ಯ ಪಾದ್ರಿಗೂ ಅದೇ ಗೌರವನಾಮ. ಶ್ರೀರಂಗಪಟ್ಟಣ, ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದ್ಯುಬುವಾ ಯಾವ ಮಠದ ಅಧಿಪತಿಯೂ ಆಗಿರಲಿಲ್ಲ. ಪದದ ಮೂಲ ಅರಮಾಯಿಕ್ಕಿನ ‘ಅಬ್ಬಾ’, ತಂದೆ. ಕನ್ನಡದ ‘ಅಬ್ಬೆ’ ತಾಯಿ. ಸದ್ದು ಒಂದೇ, ನಂಟಿಲ್ಲ.

‘ಬಾಸ್ತೀದ್’ ಪದದ ಬಗ್ಗೆ ನೀವು ಕೇಳಿಲ್ಲ, ಆದರೆ ಮೊಂಪಾಜಿಯೆಗೆ ಹೋದರೆ ಬಂದೇ ಬರುತ್ತದೆ. ಅದು ಕೋಟೆಯಲ್ಲ, 13ನೇ ಶತಮಾನದಲ್ಲಿ ನೇರ ಬೀದಿ, ನಡುವೆ ಸಂತೆಯ ಚೌಕ ಎಂದು ನೂಲು ಹಿಡಿದು ಕಟ್ಟಿದ ಹೊಸ ಊರು. ಕೋಟೆ–ಪೇಟೆ ಎಂಬ ನಮ್ಮ ಜೋಡಿಯಲ್ಲಿ ‘ಪೇಟೆ’ ಇದಕ್ಕೆ ಸರಿ. ಚೌಕದ ‘ಹಾಲ್’ ಎಂಬ ಮರದ ಮಂಟಪಕ್ಕೆ ‘ಸಂತೆಕಟ್ಟೆ’.

* * *

ಇಬ್ಬರಿಗೂ ಕೃತಜ್ಞತೆಗಳು. ತಿದ್ದಿದ ಸಾಲುಗಳು ಹೀಗಿವೆ: ‘ವೆಜೇರ್ ದಂಡೆಯ ಸ್ಯಾಂ-ಲೆಯೊಂ. ರೋಮನ್ ಕಾಲದ ಜಮೀನ್ದಾರಿ ಬಿಡಾರದ ಅವಶೇಷದ ಮೇಲೆ ಎದ್ದ ರೋಮನೆಸ್ಕ್ ಇಗರ್ಜಿ, ಕಲ್ಲುಚಪ್ಪಡಿಯ ಮಾಡು. ಸಮೀಪದಲ್ಲೇ ಕ್ಲೆರಾಂ ಶಾತೊ (ವಾಡೆ), ಮತ್ತು ಒಡೆಯನ ಬುರುಜು ಇರುವ ಲಾ ಸಾಲ್ ಮನ್ವಾರ್.’ ‘ಗೌಡಿಕೆ ಮನೆ’ ಸದ್ಯಕ್ಕೆ ಬಿಟ್ಟಿದೆ. ಮನ್ವಾರ್‌ಗೆ ತುಳುನಾಡಿನ ‘ಗುತ್ತಿನ ಮನೆ’ ಹೊಂದುತ್ತದೆಯೇ ಎಂದು ಆ ಕಡೆಯವರು ಹೇಳಿದರೆ ಮುಂದಿನ ಕರಡಿನಲ್ಲಿ ಸೇರಿಸಬಹುದು.