ನದಿಗೆ ನೀರು ಬಿಟ್ಟಾಗ ನಡೆಯಲಾಗದವರನ್ನು ಹೇಗೆ ಕರೆದೊಯ್ಯುತ್ತೀರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಗಂಗಾವತಿ ತಾಲ್ಲೂಕು, ಹೊಳೆದಂಡೆಯ ಊರಿನಿಂದ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಎದೆಯಿಂದ ಕೆಳಗೆ ಸ್ವಾಧೀನ ಇಲ್ಲ. ಗಾಲಿಕುರ್ಚಿಯಲ್ಲಿ ಇರುತ್ತಾನೆ, ಮೂತ್ರಕ್ಕೆ ಪೈಪು ಹಾಕಿದೆ. ಅವ್ವನಿಗೆ ಕಿವಿ ಕೇಳುವುದಿಲ್ಲ. ಮನೆಯಲ್ಲಿ ಓಡಾಡುವವಳು ನಾನೊಬ್ಬಳೇ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋದ ರಾತ್ರಿ ಊರಿಗೆ ಊರೇ ಎದ್ದು ಕೂತಿತ್ತು. ನಮ್ಮ ಮನೆ ತನಕ ನೀರು ಬರಲಿಲ್ಲ. ಬಂದಿದ್ದರೆ ತಮ್ಮನನ್ನು ಯಾರು ಎತ್ತಬೇಕಿತ್ತು, ಎಲ್ಲಿಗೆ ಒಯ್ಯಬೇಕಿತ್ತು ಅನ್ನುವುದು ಇವತ್ತಿಗೂ ತಿಳಿದಿಲ್ಲ. ಈಗ ಮತ್ತೆ ಮಳೆಗಾಲ. ಇಂಥ ಮನೆಗಳಲ್ಲಿ ನೀವು ಏನೇನು ಸಿದ್ಧ ಮಾಡಿಕೊಂಡಿದ್ದೀರಿ?

ರಾಯಚೂರು ತಾಲ್ಲೂಕು, ಕೃಷ್ಣಾ ದಂಡೆಯಿಂದ

ತಂಗಿ, ನನಗೆ ಪೋಲಿಯೊದಿಂದ ಎರಡೂ ಕಾಲು ಇಲ್ಲದಂತಾಗಿವೆ. ಮೂರು ಗಾಲಿಯ ಸೈಕಲ್ಲಿನಲ್ಲಿ ಓಡಾಡುತ್ತೇನೆ. 2009ರ ದೊಡ್ಡ ನೆರೆ ನೋಡಿದವನು. ಆ ಅಕ್ಟೋಬರ್ ಮೊದಲ ವಾರ ಮಂತ್ರಾಲಯದ ಮಠದೊಳಗೇ ನೀರು ನುಗ್ಗಿತ್ತು, ನೆನಪಿರಬೇಕು.

ಮೊದಲು ಒಂದು ಮಾತು. ಡಂಗುರ ಸಾರಿದ ಮೇಲೆ ಊರಿನವರು ಹೊರಡುತ್ತಾರೆ. ನಾವು ಅಷ್ಟು ಹೊತ್ತಿಗೆ ಹೊರಟಿರಬೇಕು. ಕಾಲಿದ್ದವರಿಗೆ ಅರ್ಧ ಗಂಟೆ ಸಾಕು. ನಮಗೆ ಎತ್ತುವವರು ಬರಬೇಕು, ಗಾಡಿ ಸಿಗಬೇಕು, ಸಾಮಾನು ಕಟ್ಟಬೇಕು. ಕತ್ತಲಾದ ಮೇಲೆ ಕೆಸರಿನಲ್ಲಿ ಇದೆಲ್ಲ ಮಾಡುವುದು ಬಹಳ ಕಷ್ಟ. ಎರೆಮಣ್ಣಿನ ಊರಾದರೆ ಒಂದೇ ಮಳೆಗೆ ಗಾಲಿ ಹೂತು ಕೂರುತ್ತದೆ.

ಹಾಗಾಗಿ ನಾವು ಹೊರಡುವ ಹೊತ್ತನ್ನು ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು) ಲೆಕ್ಕದ ಮೇಲೆ ಮೊದಲೇ ಗೊತ್ತು ಮಾಡಿಕೊಂಡಿದ್ದೇವೆ. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ನಾರಾಯಣಪುರ ಡ್ಯಾಮಿನಿಂದ ಎಷ್ಟು ಬಿಟ್ಟರು ಅನ್ನುವ ಮಾತೇ. ನಿಮ್ಮ ಕಡೆ ತುಂಗಭದ್ರಾ ಡ್ಯಾಮಿನಿಂದ ಎಷ್ಟು ಅಂತ. ಊರಿನ ಹಿರಿಯರನ್ನು, ಮೀನು ಹಿಡಿಯುವವರನ್ನು, ಪಂಪ್‌ಸೆಟ್ ಇಟ್ಟವರನ್ನು ಕೇಳಿ. ಎಷ್ಟು ಬಿಟ್ಟರೆ ಹೊಲಕ್ಕೆ ಬರುತ್ತದೆ, ಎಷ್ಟು ಬಿಟ್ಟರೆ ರಸ್ತೆ ಮುಚ್ಚುತ್ತದೆ, ಎಷ್ಟಾದರೆ ಗುಡಿ ಕಟ್ಟೆ ಮುಟ್ಟುತ್ತದೆ ಅಂತ ಕರಾರುವಾಕ್ಕಾಗಿ ಹೇಳುತ್ತಾರೆ. ಅದನ್ನು ಬರೆದು ಗೋಡೆಗೆ ಅಂಟಿಸಿ. ರಸ್ತೆ ಮುಚ್ಚುವ ಲೆಕ್ಕಕ್ಕಿಂತ ಬಹಳ ಕೆಳಗೆ ನಿಮ್ಮ ಗೆರೆ ಇರಲಿ. ಬಿಡುವ ನೀರು ಆ ಗೆರೆ ಮುಟ್ಟಿತು ಅಂದರೆ ತಮ್ಮ ಹೊರಟ. ನೀರು ಬಾರದೇ ಹೋದರೂ ಪರವಾಗಿಲ್ಲ, ಎರಡು ದಿನ ನೆಂಟರ ಮನೆಯಲ್ಲಿದ್ದು ಬರಲಿ.

ರಸ್ತೆಯ ಮಾತು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮನೆಗೆ ನೀರು ಬರುವ ಎಷ್ಟೋ ಮುಂಚೆ ದಾರಿ ಕಟ್ಟಾಗುತ್ತದೆ. ಕಂಪ್ಲಿ ಸೇತುವೆ ಮುಳುಗಿದರೆ ನಿಮಗೆ ಬಳ್ಳಾರಿ ಕಡೆ ದಾರಿ ಸುತ್ತುಬಳಸು. ಲಿಂಗಸುಗೂರು ಕಡೆ ಶೀಲಹಳ್ಳಿ ಸೇತುವೆ ಮುಳುಗಿದರೆ ಆಚೆಯ ಊರುಗಳಿಗೆ ಹೊರಜಗತ್ತೇ ಇಲ್ಲ. ನಮ್ಮ ತಾಲ್ಲೂಕಿನ ನಡುಗಡ್ಡೆ ಊರುಗಳಾದ ಕುರ್ವಕಲಾ, ಕುರ್ವಕುರ್ದಾದವರು ತೆಪ್ಪವನ್ನೇ ನಂಬಬೇಕು. ಹೊಳೆ ತುಂಬಿದರೆ ಅದೂ ಬಂದ್. ಮನೆ ಒಣಗಿಯೇ ಇರುತ್ತದೆ, ಆದರೆ ತಮ್ಮನ ಮೂತ್ರದ ಪೈಪು ಕಟ್ಟಿಕೊಂಡರೆ ಆಸ್ಪತ್ರೆಗೆ ಹೋಗಲಾಗದು.

ಇದೆಲ್ಲ ಮೊದಲೇ ತಿಳಿಸಿ ಬಿಡುವ ನೀರಿನ ಮಾತಾಯಿತು. ಗೇಟು ಮುರಿದಂಥದ್ದು ಹೇಳಿಕೇಳಿ ಬರುವುದಿಲ್ಲ. ಅಂಥ ಹೊತ್ತಿಗೆ ಹತ್ತಿರದ ಎತ್ತರದ ಜಾಗ ಒಂದನ್ನು ಗುರುತು ಮಾಡಿಡಿ. ಮಾಳಿಗೆ ಮನೆ ಅಂದುಕೊಳ್ಳಬೇಡಿ. ನಮ್ಮ ಕಡೆ ಮಾಳಿಗೆ ಮೆಟ್ಟಿಲು ಕಿರಿದು, ಹಿಡಿದುಕೊಳ್ಳಲು ಕಂಬಿ ಇರುವುದಿಲ್ಲ. ಒಬ್ಬರನ್ನು ಹೊತ್ತು ಹತ್ತುವುದು ಅಪಾಯ. ದಿಬ್ಬದ ಮೇಲಿನ ಶಾಲೆಯೋ ಗುಡಿಯೋ ಆದರೆ ಒಳ್ಳೆಯದು.

ಎತ್ತುವವರು ನಾಲ್ಕು ಮಂದಿ ಗೊತ್ತಿರಬೇಕು. ನಾಲ್ವರೂ ಒಂದೇ ಮನೆಯವರಾಗಬಾರದು, ಹಬ್ಬಕ್ಕೋ ದುಡಿಯಲಿಕ್ಕೋ ಹೋದರೆ ಎಲ್ಲರೂ ಒಟ್ಟಿಗೇ ಹೋಗಿರುತ್ತಾರೆ. ಮಳೆಗಾಲದ ಮೊದಲು ಒಂದು ಸಲ ಎತ್ತಿಸಿ ನೋಡಿ. ಕೌದಿಯ ಮೇಲೆ ಮಲಗಿಸಿ ಎತ್ತಿ. ಅದು ಗಟ್ಟಿ, ಪದರ ಪದರ ಹೊಲಿದಿರುತ್ತದೆ. ಅಂಚು ಸುತ್ತಿ ಹಿಡಿದರೆ ಕೈ ಜಾರುವುದಿಲ್ಲ. ದೂರ ಹೋಗಬೇಕಾದರೆ ಹೊರಸಿನ ಮೇಲೆ ಮಲಗಿಸಿ ಒಯ್ಯುವುದೇ ಸುಖ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾತ್ರ ಎತ್ತಬೇಡಿ, ಕುರ್ಚಿಯ ಕಾಲು ಮುರಿಯುತ್ತದೆ.

ಲಿಂಗಸುಗೂರಿನಿಂದ, ಗ್ರಾಮ ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹರಿಗೋಲಿಗೋ ಬೋಟಿಗೋ ಏರಿಸುವಾಗ ಗಾಲಿಕುರ್ಚಿಯಲ್ಲಿ ಕೂರಿಸಿ ಬೆಲ್ಟು ಕಟ್ಟಬೇಡಿ. ಮಗುಚಿದರೆ ಕುರ್ಚಿಯ ಜೊತೆಗೇ ಮುಳುಗುತ್ತಾರೆ. ಇಳಿಸಿ, ತಳದಲ್ಲಿ ನಡುವೆ ಕೂರಿಸಿ, ಹಿಂದೆ ಒಬ್ಬರು ಆತು ಕೂರಲಿ. ಲೈಫ್ ಜಾಕೆಟ್ ಕೇಳಿ ಹಾಕಿಸಿ. ಕುರ್ಚಿ ಮಡಚಿ ಬೇರೆಯಾಗಿ ಬರಲಿ. ಅದರ ಮೇಲೆ ಹೆಸರು, ಫೋನ್ ನಂಬರ್ ಬಣ್ಣದಲ್ಲಿ ಬರೆಸಿ. ಗದ್ದಲದಲ್ಲಿ ಯಾರ ಕುರ್ಚಿ ಯಾರ ಹತ್ತಿರ ಹೋಯಿತೋ ಹುಡುಕುವುದು ತಪ್ಪುತ್ತದೆ.

ಇನ್ನು ಅಂಗವಿಕಲರ ಪಟ್ಟಿಯ ಮಾತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 8ನೇ ಕಲಂ ಇದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಳ್ಳಬೇಕು, ಅಪಾಯ ಇದ್ದಾಗ ಅವರಿಗೆ ತಿಳಿಸಬೇಕು ಅಂತ ಅದರಲ್ಲೇ ಬರೆದಿದೆ. ಅದರ ಅಧ್ಯಕ್ಷರು ಡಿಸಿ ಸಾಹೇಬರು. ಕೇಳಿದರೆ ಉಪಕಾರ ಕೇಳಿದಂತಲ್ಲ, ಹಕ್ಕು. ಆದರೆ ಪಟ್ಟಿಯಲ್ಲಿ ಬರೀ ಹೆಸರೂ ಅಂಗವೈಕಲ್ಯದ ಶೇಕಡಾವಾರೂ ಇದ್ದರೆ ನೆರೆಯ ಹೊತ್ತಿನಲ್ಲಿ ಅದು ಯಾರಿಗೂ ಕೆಲಸಕ್ಕೆ ಬರುವುದಿಲ್ಲ. 'ಎತ್ತಲು ನಾಲ್ಕು ಜನ ಬೇಕು, ಮಲಗಿಸಿ ಒಯ್ಯಬೇಕು, ಮೂತ್ರದ ಪೈಪು ಇದೆ, ತಾಯಿಗೆ ಕಿವಿ ಕೇಳುವುದಿಲ್ಲ, ಮನೆಗೆ ಹೋಗಿಯೇ ಹೇಳಬೇಕು' ಅಂತ ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೂ ಗ್ರಾಮ ಆಡಳಿತಾಧಿಕಾರಿಗೂ ಕೊಡಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ನಿಮ್ಮ ಪಂಚಾಯಿತಿಯಲ್ಲೂ ನನ್ನಂಥ ಕಾರ್ಯಕರ್ತರು ಇರುತ್ತಾರೆ. ಅವರನ್ನು ಮನೆಗೇ ಕರೆಯಿರಿ, ಬರುವುದು ನಮ್ಮ ಕೆಲಸ.

ನೆರೆ ಬಂದಾಗ ಜನರನ್ನು ಇರಿಸುವ ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತಾರೆ ಅಂತ ಈಗಲೇ ಕೇಳಿ, ಹೋಗಿ ನೋಡಿ. ಬಾಗಿಲಿಗೆ ಇಳಿಜಾರು ಇರುತ್ತದೆ. ಶೌಚಾಲಯದ ಹತ್ತಿರ ಹೋದರೆ ಎರಡು ಮೆಟ್ಟಿಲು, ಒಳಗೆ ಗಾಲಿಕುರ್ಚಿ ತಿರುಗದಷ್ಟು ಇಕ್ಕಟ್ಟು. ನಾನು ನೋಡಿದ ಕೇಂದ್ರಗಳಲ್ಲಿ ಜಾಸ್ತಿ ತೊಂದರೆ ಆಗಿದ್ದು ಇಲ್ಲೇ. ಹೆಣ್ಣುಮಕ್ಕಳಂತೂ ಶೌಚಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೊದಲೇ ಹೇಳಿದರೆ ಒಂದು ಹಲಗೆ, ಒಂದು ಕಮೋಡ್ ಕುರ್ಚಿ, ಒಂದು ಪರದೆ ಹೊಂದಿಸುವುದು ದೊಡ್ಡ ಕೆಲಸವೇನಲ್ಲ.

ನಂಬರುಗಳು: ತುರ್ತಿಗೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ಕಂಟ್ರೋಲ್ ರೂಮಿಗೆ 1077. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಫೋಟೊ ಫೋನಿನಲ್ಲಿ ಇರಲಿ. ಕಾರ್ಡು ಕೊಚ್ಚಿಹೋದರೂ ಪಿಂಚಣಿಗೆ, ಹೊಸ ಗಾಲಿಕುರ್ಚಿಯ ಅರ್ಜಿಗೆ ನಂಬರ್ ಬೇಕಾಗುತ್ತದೆ.

ಬಳ್ಳಾರಿಯಿಂದ, ಸ್ಟಾಫ್ ನರ್ಸ್

ಬೆನ್ನುಹುರಿ ಪೆಟ್ಟಿನವರನ್ನು ವರ್ಷಗಟ್ಟಲೆ ನೋಡಿದ್ದೇನೆ. ನೆರೆ ಬಂದಾಗ ಇವರಿಗೆ ನೀರಿಗಿಂತ ಹಾಸಿಗೆ ಹುಣ್ಣಿನ ಭಯ ಹೆಚ್ಚು. ಟ್ರ್ಯಾಕ್ಟರ್ ಟ್ರೇಲರಿನ ಬರಿ ತಗಡಿನ ಮೇಲೆ ಗಂಟೆಗಟ್ಟಲೆ ಕೂರಿಸಿದರೆ ಅವನಿಗೆ ನೋವು ಗೊತ್ತಾಗುವುದಿಲ್ಲ, ಚರ್ಮ ಮಾತ್ರ ಒಳಗೊಳಗೇ ಸಾಯುತ್ತದೆ. ಅಂಥ ಹುಣ್ಣು ಮಾಯಲು ತಿಂಗಳುಗಳೇ ಬೇಕು. ಕುರ್ಚಿ ಬಿಟ್ಟರೂ ಕುರ್ಚಿಯ ದಿಂಬು ಬಿಡಬೇಡಿ, ಅದು ಅವನ ಜೊತೆಗೇ ಹೋಗಲಿ. ಕೂತಾಗ ಅರ್ಧ ಗಂಟೆಗೊಮ್ಮೆಯಾದರೂ ಕೈಯೂರಿ ಸೊಂಟ ಮೇಲೆತ್ತಲಿ, ಇಲ್ಲವೇ ಪಕ್ಕಕ್ಕೆ ವಾಲಲಿ. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕಾಳಜಿ ಕೇಂದ್ರದ ನೆಲದ ಮೇಲಂತೂ ಇದನ್ನು ಮರೆಯಲೇಬೇಡಿ.

ಎತ್ತುವಾಗ ಮೂತ್ರದ ಚೀಲ ಹೊಟ್ಟೆಗಿಂತ ಕೆಳಗೇ ಇರಲಿ. ಯಾರೋ ಹೆಗಲಿಗೆ ಹಾಕಿಕೊಂಡರೆ ಮೂತ್ರ ವಾಪಸ್ ಹರಿಯುತ್ತದೆ. ಎತ್ತುವ ಮೊದಲು ಚೀಲ ಖಾಲಿ ಮಾಡಿ, ಪೈಪು ಎಲ್ಲೂ ಮಡಚಿಲ್ಲ ಅಂತ ನೋಡಿ.

ಇದನ್ನು ಮನೆಯವರೆಲ್ಲ ತಿಳಿದಿರಬೇಕು. ಪೆಟ್ಟು ಎದೆಯ ಮಟ್ಟದಲ್ಲೋ ಮೇಲೋ ಆಗಿದ್ದರೆ, ಪೈಪು ಕಟ್ಟಿಕೊಂಡಾಗ ಬಿ.ಪಿ. ಒಮ್ಮೆಗೇ ಏರುತ್ತದೆ. ತಲೆ ಸಿಡಿಯುವಂತೆ ನೋವು, ಮುಖ ಕೆಂಪಾಗುವುದು, ತಲೆ ಮುಖದಲ್ಲಿ ಮಾತ್ರ ಬೆವರು. ಹೀಗಾದರೆ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲ ಮಾಡಿ, ಪೈಪು ನೋಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಜೀವಕ್ಕೆ ಅಪಾಯ ಇದು. ಹೊರಸಿನ ಮೇಲೆ ಒಯ್ಯುವವರಿಗೂ ಮೊದಲೇ ಹೇಳಿಟ್ಟಿರಿ.

ಹೊರಡುವಾಗ ಒಯ್ಯುವ ಚೀಲದಲ್ಲಿ ಏನಿರಬೇಕು: ಎರಡು ವಾರದ ಗುಳಿಗೆ, ಅವನ ಅಳತೆಯ ಕ್ಯಾತಿಟರ್ (ಮೂತ್ರದ ಪೈಪು) ಎರಡು, ಮೂತ್ರದ ಚೀಲ, ಗ್ಲೌಸು, ಹತ್ತಿ, ಡಾಕ್ಟರ ಚೀಟಿಯ ಜೆರಾಕ್ಸು. ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಾಗಿಲ ಹತ್ತಿರದ ಗೂಟಕ್ಕೆ ನೇತುಹಾಕಿ. ಟ್ರಂಕಿನೊಳಗೆ ಬೇಡ. ಸ್ನಾಯು ಸೆಳೆತದ ಗುಳಿಗೆಯನ್ನಾಗಲಿ ಮೂರ್ಛೆ ರೋಗದ ಗುಳಿಗೆಯನ್ನಾಗಲಿ ಒಮ್ಮೆಗೇ ನಿಲ್ಲಿಸಬಾರದು, ಅದಕ್ಕೇ ಎರಡು ವಾರದ್ದು ಅಂದೆ. ಕೊಳಕು ನೀರು ಕಾಲಿಗೆ ತಾಗಿದರೆ ತೊಳೆದು ಒರೆಸಿ, ಗಾಯ ಇದೆಯೇ ನೋಡಿ. ಅವನಿಗೆ ಉರಿ ಗೊತ್ತಾಗುವುದಿಲ್ಲ ಅಲ್ವಾ, ಅಂಥ ಗಾಯದಿಂದ ಇಲಿ ಜ್ವರ ಬರಬಹುದು.

ಬೇಸಿಗೆಯ ಮಾತೂ ಹೇಳಬೇಕು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ನೆರೆ ಕೆಲವು ವರ್ಷ ಬರುತ್ತದೆ, ಬಿಸಿಲು ಪ್ರತಿ ವರ್ಷ ಬರುತ್ತದೆ. ಇವರಿಗೆ ಪೆಟ್ಟಾದ ಜಾಗದಿಂದ ಕೆಳಗೆ ಸರಿಯಾಗಿ ಬೆವರುವುದಿಲ್ಲ. ಮೈ ತಂಪಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮನೆಯಲ್ಲಿ ಕರೆಂಟು ಹೋದರೆ ಅದೂ ಒಂದು ವಿಪತ್ತೇ. ಒದ್ದೆ ಬಟ್ಟೆ, ನೀರು ಚಿಮುಕಿಸುವ ಬಾಟಲಿ, ಮಧ್ಯಾಹ್ನ ಕಳೆಯಲು ಒಂದು ತಂಪು ಜಾಗ ಗೊತ್ತು ಮಾಡಿಡಿ.

ಕೊಪ್ಪಳದಿಂದ

ನಮ್ಮ ಮನೆಯಲ್ಲಿ ಅಪ್ಪ, ಅವ್ವ ಇಬ್ಬರಿಗೂ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಡಂಗುರ, ಆಟೋದ ಮೈಕು, ಗುಡಿಯ ಗಂಟೆ, ಇವು ಯಾವುವೂ ಅವರಿಗೆ ಮುಟ್ಟುವುದಿಲ್ಲ. ರಾತ್ರಿ ಬಾಗಿಲು ಬಡಿದರೂ ಏಳುವುದಿಲ್ಲ. ನಾವು ಮಾಡಿದ್ದು ಇಷ್ಟು. ಪಕ್ಕದ ಮನೆಯವರಿಗೆ ಒಂದು ಕೀ ಕೊಟ್ಟಿದ್ದೇವೆ. ಒಳಗೆ ಬಂದು ಟಾರ್ಚ್ ಗೋಡೆಗೆ ಹಾಯಿಸಿ, ಕಾಲು ಮುಟ್ಟಿ ಎಬ್ಬಿಸುತ್ತಾರೆ. ಮುಖಕ್ಕೆ ಬೆಳಕು ಬಿಟ್ಟರೆ ಹೆದರುತ್ತಾರೆ, ಕೈಸನ್ನೆಯೂ ಕಾಣುವುದಿಲ್ಲ. ನೀರು ಬಂತು, ಬೇಗ ಬಾ, ಗುಳಿಗೆ ತಗೋ ಅನ್ನುವ ಸನ್ನೆಗಳನ್ನು ಓಣಿಯ ಹುಡುಗರಿಗೆ ಕಲಿಸಿದ್ದೇವೆ. ಮಲಗುವಾಗ ಫೋನು ವೈಬ್ರೇಟ್‌ನಲ್ಲಿ ದಿಂಬಿನ ಕೆಳಗೆ. 2023ರ ಅಕ್ಟೋಬರ್‌ನಲ್ಲಿ ಸರ್ಕಾರ ಎಲ್ಲ ಫೋನಿಗೂ ಎಚ್ಚರಿಕೆ ಸಂದೇಶ ಕಳಿಸಿ ಪರೀಕ್ಷೆ ಮಾಡಿತ್ತಲ್ಲ, ಆಗ ಫೋನು ಅಲುಗಿದ್ದಕ್ಕೆ ಅಪ್ಪನೇ ಎದ್ದು ಬಂದು ತೋರಿಸಿದರು. ಸೆಟ್ಟಿಂಗಿನಲ್ಲಿ ಅದು ಆನ್ ಇದೆಯೇ ನೋಡಿಕೊಳ್ಳಿ.

ರಾಯಚೂರಿನಿಂದ, ಆಟಿಸಂ ಇರುವ ಮಗನ ತಾಯಿ

ಚಿಕ್ಕದಾಗಿ ಹೇಳುತ್ತೇನೆ. ನನ್ನ ಮಗನಿಗೆ ಗದ್ದಲ ಆಗುವುದಿಲ್ಲ. ಕೇಂದ್ರದಲ್ಲಿ ನೂರಾರು ಜನರ ನಡುವೆ ಕಿರುಚಿದರೆ 'ಸುಮ್ನೆ ಕೂರಿಸಿರಿ' ಅಂತ ಬೈಯುತ್ತಾರೆ. ಶಾಲೆಯ ಮೂಲೆಯ ಒಂದು ಕೋಣೆ ಕೊಡಿ ಅಂತ ಮುಖ್ಯೋಪಾಧ್ಯಾಯರನ್ನು ಮೊದಲೇ ಕೇಳಿ ಇಟ್ಟಿದ್ದೇನೆ. ಬಿಡುವಿದ್ದಾಗ ಆ ಶಾಲೆಗೆ ಕರೆದೊಯ್ದು ರೊಟ್ಟಿ ತಿನ್ನಿಸಿ ಬರುತ್ತೇನೆ, ಜಾಗ ಹೊಸದು ಅನಿಸಬಾರದು. ಅಂಗಿಯ ಒಳಗೆ ನನ್ನ ನಂಬರ್ ಹೊಲಿದಿದ್ದೇನೆ.

ಪ್ರಶ್ನೆ ಕೇಳಿದವಳು ಮತ್ತೆ

ಎಲ್ಲರ ಮಾತನ್ನೂ ತಮ್ಮನಿಗೆ ಓದಿ ಹೇಳಿದೆ. 'ಅಷ್ಟೆಲ್ಲ ಯಾಕೆ, ನೀವಿಬ್ಬರು ಹೋಗಿ, ನನ್ನನ್ನು ಬಿಡಿ' ಅಂದ. ಅವ್ವ ಅವನ ತುಟಿ ನೋಡಿ ಅರ್ಥ ಮಾಡಿಕೊಂಡು ಅಳುತ್ತಾ ಕೂತಿದ್ದಾಳೆ. ಏನು ಹೇಳಲಿ?

ಕೃಷ್ಣಾ ದಂಡೆಯ ಅಣ್ಣ

ತಮ್ಮಾ, ನಿನಗೇ ಬರೆಯುತ್ತಿದ್ದೇನೆ. ನನಗೂ ಒಂದು ಕಾಲದಲ್ಲಿ ಹಾಗೇ ಅನಿಸುತ್ತಿತ್ತು. ನಿನ್ನನ್ನು ಬಿಟ್ಟು ಅವರು ಹೋಗುವುದಿಲ್ಲ. ಹಟ ಮಾಡಿದರೆ ಮೂವರೂ ಅಲ್ಲೇ ಉಳಿಯುತ್ತೀರಿ. ಅದರ ಬದಲು ಕೆಲಸ ನೀನೇ ತೆಗೆದುಕೋ. ಡ್ಯಾಮಿನಿಂದ ಎಷ್ಟು ಬಿಟ್ಟರು ಅಂತ ದಿನಾ ನೋಡುವುದು ನೀನು. ಗೆರೆ ಮುಟ್ಟಿತು, ಹೊರಡಿ ಅಂತ ಹೇಳುವುದು ನೀನು. ಗಾಡಿಯವನಿಗೆ, ಎತ್ತುವ ಹುಡುಗರಿಗೆ ಫೋನ್ ಮಾಡುವುದು ನೀನು. ನಿನ್ನನ್ನು ಎಲ್ಲಿ ಹಿಡಿದು ಎತ್ತಬೇಕು, ಎಲ್ಲಿ ಹಿಡಿಯಬಾರದು ಅಂತ ಅವರಿಗೆ ಹೇಳಿಕೊಡಲು ನಿನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಅವರು ಸುಮ್ನೆ ಎತ್ತಲು ಬಂದರೆ 'ನಿಲ್ಲಿ, ಹೀಗಲ್ಲ' ಅನ್ನು. ನಿನ್ನ ಮೈ, ನಿನ್ನ ಮಾತೇ ನಡೆಯಬೇಕು. ನಿಮ್ಮ ಓಣಿಯಲ್ಲಿ ಮುದುಕರು, ಬಾಣಂತಿಯರೂ ಇರುತ್ತಾರೆ. ಅವರಿಗೂ ನೀನೇ ಫೋನ್ ಮಾಡು.

ಪ್ರಶ್ನೆ ಕೇಳಿದವಳು

ಫೋನು ಇಸಿದುಕೊಂಡು ತಾನೇ ಎರಡು ಸಲ ಓದಿದ. ಆಮೇಲೆ ಟಾಟಾ ಏಸ್ ಗಾಡಿ ಇಟ್ಟ ಹುಡುಗನ ನಂಬರ್ ಕೇಳಿದ. ಟ್ರ್ಯಾಕ್ಟರಿಗಿಂತ ಅದು ತಗ್ಗು, ಹೊರಸು ಸೀದಾ ಒಳಗೆ ಹೋಗುತ್ತದೆ ಅಂತ ಅವನೇ ಹೇಳಿದ. ನರ್ಸ್ ಅಕ್ಕಾ, ಇನ್ನೊಂದು ಕೇಳಬೇಕಿತ್ತು. ಅವನು ಮಲಗುವುದು ಗಾಳಿ ಹಾಸಿಗೆಯ ಮೇಲೆ. ಕರೆಂಟು ಹೋದರೆ ಏನು ಮಾಡಲಿ?

ಬಳ್ಳಾರಿಯ ಸ್ಟಾಫ್ ನರ್ಸ್

ಪಂಪು ನಿಂತರೆ ಗಾಳಿ ಇಳಿಯುತ್ತದೆ. ಕೆಲವು ಹಾಸಿಗೆಗಳ ಪೈಪಿಗೆ ಗಾಳಿ ಹಿಡಿದಿಡುವ ಮುಚ್ಚಳ ಇರುತ್ತದೆ. ಇಲ್ಲದಿದ್ದರೆ ಪೈಪು ಮಡಚಿ ಬಿಗಿಯಾಗಿ ಕಟ್ಟಿ, ಸ್ವಲ್ಪ ಹೊತ್ತು ತಡೆಯುತ್ತದೆ. ಅದನ್ನೇ ನಂಬಬೇಡಿ. ದಪ್ಪ ಫೋಮ್ ಹಾಸಿಗೆ ಒಂದನ್ನು ರೆಗ್ಜಿನ್ ಕವರ್ ಹಾಕಿ ಇಟ್ಟುಕೊಳ್ಳಿ, ಹೊರಸಿನ ಅಳತೆಗೇ ಕತ್ತರಿಸಿ. ಎರಡು ಗಂಟೆಯ ಮಗ್ಗುಲು ಅದರ ಮೇಲೂ ತಪ್ಪಿಸಬೇಡಿ. ಹಿಮ್ಮಡಿಯ ಕೆಳಗಲ್ಲ, ಮೀನಖಂಡದ ಕೆಳಗೆ ದಿಂಬು ಕೊಡಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಇರಲಿ.